ಬ್ಯಾಂಡೇಜಿನೊಳಗಿನ ಬಳೆಗಳು

ಆ ಸಂಜೆ ಕ್ವಾರ್ಟರ್ಸಿನ ಹಿಂದಿನ ಕಲ್ಲುಚಪ್ಪಡಿಯ ಮೇಲೆ ನಾವು ನಾಲ್ವರು ಕುಳಿತಿದ್ದೆವು. ಗೋಡೆಗೆ ಒರಗಿಕೊಂಡು ದೊಡ್ಡ ಸಿಸ್ಟರು, ಅವರ ಪಕ್ಕಕ್ಕೆ ತುಂಬು ಬಸುರಿಯಾಗಿದ್ದ ನನ್ನ ಗೆಳತಿ, ಅವಳ ಪಕ್ಕಕ್ಕೆ ನಾನು. ಅದರ ಮೆಟ್ಟಿಲ ಮೇಲೆ, ಪಕ್ಕದ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಹೆಂಗಸು. ಆಕೆಯನ್ನು ನಾವೆಲ್ಲ ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆವು. ನರ್ಸುಗಳಾದ ನಮ್ಮ ಮೂವರ ಕಾಲೂ ಬಿಸಿನೀರಿನ ಬೇಸಿನ್ನುಗಳಲ್ಲಿ ಮುಳುಗಿದ್ದವು. ಚಿಕ್ಕಮ್ಮನ ಕೈಯಲ್ಲಿ ಮಾತ್ರ ಹರಳೆಣ್ಣೆಯ ಬಟ್ಟಲು.

ಅದು ಶಿಡ್ಲಘಟ್ಟ. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಎರಡು ಬೀದಿ ಆಚೆಗಿದ್ದ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನಮ್ಮ ಕೆಲಸ. ಆಸ್ಪತ್ರೆಯ ಹಿತ್ತಲಲ್ಲೇ ನಮಗೆ ಉಳಿಯಲು ಎರಡು ಕೋಣೆ. ಗಾಳಿ ಆ ಕಡೆಯಿಂದ ಬೀಸಿದರೆ ಫಿಲೇಚರಿನಲ್ಲಿ ಬೇಯುವ ಗೂಡಿನ ವಾಸನೆ, ಈ ಕಡೆಯಿಂದ ಬೀಸಿದರೆ ನಮ್ಮ ಫಿನಾಯಿಲಿನ ವಾಸನೆ. ಎರಡಕ್ಕೂ ಒಗ್ಗಿಹೋಗಿದ್ದೆವು.

ಕಾಲು ನೆನೆಸುವ ಪದ್ಧತಿ ಹಾಕಿಕೊಟ್ಟವರು ದೊಡ್ಡ ಸಿಸ್ಟರು. ನಮ್ಮ ಮೈಯನ್ನು ನಾವು ಕಾಪಾಡಿಕೊಳ್ಳುವುದಕ್ಕೆ ಅವರದೇ ಒಂದಿಷ್ಟು ಕಟ್ಟುಪಾಡುಗಳಿದ್ದವು. ಉಂಡು ಡ್ಯೂಟಿಗೆ ಹೋಗಬೇಕು, ಹಸಿದ ಹೊಟ್ಟೆಯಲ್ಲಿ ಲೇಬರ್ ರೂಮಿಗೆ ಕಾಲಿಡಬಾರದು. ನಿಂತುಕೊಂಡು ಕಾಫಿ ಕುಡಿಯಬಾರದು. ಡ್ಯೂಟಿ ಮುಗಿದ ಮೇಲೆ ಕಲ್ಲುಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟು ಕೂರಬೇಕು, ಆಮೇಲೆ ಗೋಡೆಗೆ ಕಾಲು ಎತ್ತಿ ಮಲಗಬೇಕು. "ಈ ಕಾಲು ಬಿದ್ದೋದ್ರೆ ನಮ್ಮನ್ನ ಯಾರೂ ಎತ್ತಲ್ಲ ಕಣ್ರೇ" ಎನ್ನುತ್ತಿದ್ದರು. ಹುಟ್ಟಿದ ಊರು ಚಿಂತಾಮಣಿ. ಮದುವೆಯಾಗಿರಲಿಲ್ಲ. ನಮಗೆ ಅಕ್ಕ, ಅಮ್ಮ, ಮೇಷ್ಟ್ರು ಎಲ್ಲವೂ ಅವರೇ.

ಚಿಕ್ಕಮ್ಮನ ಕಷ್ಟ ಬೇರೆ. ದಿನವಿಡೀ ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕುವ ಕೆಲಸ. ಬೆರಳ ತುದಿಗಳು ಬೆಳ್ಳಗೆ ನೆನೆದು, ಸಂದುಗಳಲ್ಲಿ ಸೀಳು ಬಿಟ್ಟಿರುತ್ತಿದ್ದವು. ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನಮ್ಮ ಬೇಸಿನ್ನುಗಳನ್ನು ನೋಡಿ ದಿನವೂ ಒಂದು ಮಾತು ಬಿಡುತ್ತಿದ್ದರು.

"ನೋಡ್ರಮ್ಮಾ, ನಿಮ್ಗೆ ಬಿಸ್ನೀರು ಔಷ್ದಿ, ನಮ್ಗೆ ಬಿಸ್ನೀರೇ ರೋಗ. ದೇವುಡು ಎಂಥಾ ಲೆಕ್ಕ ಇಟ್ಟವ್ನೆ!"

"ಅದಲಾ ಬದಲಿ ಮಾಡ್ಕೊಳೋಣ ಬಾ ಚಿಕ್ಕಮ್ಮ. ನೀನು ಹೆರಿಗೆ ಮಾಡ್ಸು, ನಾವು ನೂಲು ತೆಗೀತೀವಿ," ಎಂದಳು ಗೆಳತಿ.

"ಅಮ್ಮೋ, ನೀವು ತೆಗೆದ ನೂಲಲ್ಲಿ ಸೀರೆ ನೇಯ್ದ್ರೆ ಬೀದೀಲೇ ಹರ್ದು ಉಟ್ಕೊಂಡೋಳ ಮಾನ ಹೋಗ್ತದೆ!"

ನಗುತ್ತಾ ನಗುತ್ತಾ ಮೂವರೂ ಕಾಲನ್ನು ನೀರಿಂದ ಎತ್ತಿ ಪಕ್ಕಪಕ್ಕಕ್ಕೆ ಇಟ್ಟು ನೋಡಿಕೊಳ್ಳುವುದು ಇನ್ನೊಂದು ಆಟ. ಕಣಕಾಲಿನವರೆಗೂ ಎಲ್ಲರ ಕಾಲೂ ಊದಿರುತ್ತಿದ್ದವು. ದೊಡ್ಡ ಸಿಸ್ಟರು ನನ್ನ ಕಾಲ ಮೇಲೆ ಹೆಬ್ಬೆರಳು ಒತ್ತಿ ಹೇಳುತ್ತಿದ್ದರು, "ಇದು ಕಾಲಲ್ಲ ಕಣೇ, ರಾಗಿ ಮುದ್ದೆ. ಸಾರು ಹಾಕ್ಕೊಳ್ಳೋಕೆ ಗುಣಿ ನೋಡು." ಒತ್ತಿದ ಗುಣಿ ಮೆಲ್ಲಗೆ ಮೇಲೇಳುವುದನ್ನು ನೋಡಿ ನಗುತ್ತಿದ್ದೆವು. ನಿಂತು ನಿಂತು ಕಾಲು ಊದುವುದು ನಮ್ಮ ಕಸುಬಿನ ಗುರುತು, ಕಮ್ಮಾರನ ಕೈಯ ಜಡ್ಡಿನ ಹಾಗೆ. ಗೆಳತಿಯ ಮುದ್ದೆ ನಮ್ಮದಕ್ಕಿಂತ ಸ್ವಲ್ಪ ದೊಡ್ಡದಿತ್ತು. ಬಸುರಿಯಲ್ಲವೇ ಎಂದುಕೊಂಡಿದ್ದೆವು.

ಅವಳ ತವರು ಕೆಂಚಾರ್ಲಹಳ್ಳಿ. ತಾಯಿ ಇರಲಿಲ್ಲ. ಕೊಟ್ಟಿದ್ದು ಗೌರಿಬಿದನೂರಿನ ಹತ್ತಿರದ ಹಳ್ಳಿಗೆ. ಗಂಡ ಅಲ್ಲಿಯೇ ಶಾಲಾ ಮೇಷ್ಟ್ರು. ಮದುವೆಯಾಗಿ ವರ್ಷಗಳು ಕಳೆದು, ಹರಕೆ ಹೊತ್ತು, ಬೆಂಗಳೂರಿನ ಡಾಕ್ಟರುಗಳಿಗೆಲ್ಲ ತೋರಿಸಿ, ಇನ್ನು ಬೇಡ ಎಂದು ಬಿಟ್ಟ ಮೇಲೆ ನಿಂತ ಬಸಿರು ಅದು. ನಮಗೆಲ್ಲ ಅದೊಂದು ಹಬ್ಬ. ಡ್ಯೂಟಿ ಮುಗಿಸಿ ಬಂದವರು ಸರದಿಯ ಮೇಲೆ ಅವಳ ಹೊಟ್ಟೆಗೆ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದೆವು. ಚಿಕ್ಕಮ್ಮನಿಗೂ ಕೇಳಿಸಿದ್ದೆವು. "ಮಗ್ಗ ಆಡ್ದಂಗೆ ಆಡ್ತಾ ಅದಲ್ಲಮ್ಮಾ," ಎಂದು ಆಕೆ ಕಣ್ಣೊರೆಸಿಕೊಂಡಿದ್ದರು. ಮಗುವಿನ ಸದ್ದನ್ನು ಅಷ್ಟು ಜನ ಕೇಳಿದೆವು. ತಾಯಿಯ ತೋಳಿಗೆ ಬಿಪಿ ಪಟ್ಟಿ ಕಟ್ಟಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮೊಳಗಿನ ರೂಢಿಯೇ ಹಾಗಿತ್ತು. ಬಿಪಿ, ರಕ್ತ, ಮೂತ್ರ ಇವೆಲ್ಲ ಪೇಷೆಂಟುಗಳಿಗೆ. ನರ್ಸಿಗೆ ತಲೆನೋವು ಬಂದರೆ ಒಂದು ಮಾತ್ರೆ ನುಂಗಿ ವಾರ್ಡಿಗೆ ಹೋಗುವುದು, ಅಷ್ಟೇ.

ಆ ತಿಂಗಳ ಮೊದಲಲ್ಲಿ ಅತ್ತೆಮನೆಯಲ್ಲಿ ಅವಳಿಗೆ ಸೀಮಂತ ಮಾಡಿ ಕೈ ತುಂಬಾ ಹಸಿರು ಗಾಜಿನ ಬಳೆ ತೊಡಿಸಿ ಕಳಿಸಿದ್ದರು. ಹೆರಿಗೆಯಾಗುವವರೆಗೂ ಒಂದೂ ಕೈಯಿಂದ ಇಳಿಯಕೂಡದು ಎಂದು ಅತ್ತೆಯ ಕಟ್ಟಪ್ಪಣೆ. ನಮ್ಮ ಡಾಕ್ಟರಮ್ಮನಿಗೋ ಲೇಬರ್ ರೂಮಿನಲ್ಲಿ ಬಳೆಯ ಸದ್ದು ಕೇಳಿದರೆ ಆಗದು. ಕೊನೆಗೆ ಅವರೇ ಒಂದು ದಾರಿ ಹೇಳಿದರು. "ಮೇಲಕ್ಕೆ ಸರಿಸಿ ಬ್ಯಾಂಡೇಜ್ ಸುತ್ಕೊಂಡು ಗೌನ್ ಹಾಕ್ಕೋ. ನನ್ ಕಣ್ಣಿಗೆ ಬೀಳದೇ ಇದ್ರೆ ನಾನೂ ಕೇಳಲ್ಲ." ಅಂದಿನಿಂದ ಅವಳು ನಮಗಿಂತ ಮುಂಚೆ ಎದ್ದು, ಸ್ನಾನ ಮಾಡಿ, ಹಲ್ಲಿನಲ್ಲಿ ಬಟ್ಟೆಯ ತುದಿ ಕಚ್ಚಿಕೊಂಡು ಎರಡೂ ಮುಂಗೈಗಳಿಗೆ ತಾನೇ ಸುತ್ತಿಕೊಳ್ಳುತ್ತಿದ್ದಳು. ಕೈ ಮುರಿದವಳಂತೆ ವಾರ್ಡಿನಲ್ಲಿ ಓಡಾಡುತ್ತಿದ್ದ ಅವಳನ್ನು ಕಂಡು ಹೆರಿಗೆಗೆ ಬಂದ ಹೆಂಗಸರು, "ಏನಾಯ್ತು ಸಿಸ್ಟರಮ್ಮಾ, ಗಂಡ ಹೊಡುದ್ನಾ?" ಎಂದು ಕೇಳುತ್ತಿದ್ದರು.

ಆ ಸಂಜೆ ಬೇಸಿನ್ನಿಗೆ ನೀರು ಸೇರಿಸುವಾಗ ಚೊಂಬು ಜಾರಿ ಅವಳ ಎಡಗೈಯ ಬ್ಯಾಂಡೇಜು ನೆನೆಯಿತು.

"ಕೊಡಿಲ್ಲಿ, ಬಿಚ್ಚಿ ಒಣಗಾಕ್ತೀನಿ," ಎಂದು ನಾನೇ ಬಿಚ್ಚತೊಡಗಿದೆ. ಸುತ್ತು ಸುತ್ತಾಗಿ ಬಟ್ಟೆ ಹೊರಬಂತು, ಬಳೆಗಳು ಕಂಡವು. ಸೀಮಂತ ಮುಗಿಸಿ ಬಂದ ದಿನ ಅವಳು ಕೈ ಎತ್ತಿದರೆ ಮೊಣಕೈವರೆಗೂ ಗಲಗಲ ಜಾರುತ್ತಿದ್ದ ಬಳೆಗಳು. ಈಗ ಅವು ಅಲ್ಲಾಡಲೇ ಇಲ್ಲ. ಮಾಂಸದಲ್ಲಿ ಹೂತು ಕೂತಿದ್ದವು. ಬಳೆ ಬಳೆಯ ನಡುವೆ ಚರ್ಮ ಉಬ್ಬಿತ್ತು. ಮುಂಗೈಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಗುಣಿ ಬಿತ್ತು. ನೋಡುತ್ತಲೇ ಇದ್ದೆ, ಅದು ಮೇಲೇಳಲಿಲ್ಲ.

ನಿಂತು ಕೆಲಸ ಮಾಡುವವರ ಕಾಲು ಊದುತ್ತದೆ, ಸರಿ. ಕೈ ಯಾಕೆ ಊದಬೇಕು?

"ಯಾವಾಗಿಂದ ಹಿಂಗಿದೆ?"

"ಏನು?"

"ಬಳೆ."

"ಸೆಕೆ ಕಣೇ. ನೀನೇನ್ ಬಸುರಿ ಆಗಿದ್ಯಾ ಯಾವತ್ತಾದ್ರೂ, ನಂಗೇ ಹೇಳ್ಕೊಡಕ್ ಬರ್ತಾಳೆ," ಎಂದು ಕೈ ಎಳೆದುಕೊಂಡಳು. ನಗಲು ನೋಡಿದಳು. ನಾನು ನಗಲಿಲ್ಲವೆಂದು ಅವಳೂ ನಿಲ್ಲಿಸಿದಳು.

ದೊಡ್ಡ ಸಿಸ್ಟರು ಕಾಲನ್ನು ಬೇಸಿನ್ನಿನಿಂದ ತೆಗೆದು ಒರೆಸಿಕೊಳ್ಳದೆಯೇ ಎದ್ದರು. "ಬಿಪಿ ಆಪರೇಟಸ್ ತಗೊಂಬಾ ಹೋಗು," ಎಂದರು ನನಗೆ. ಸ್ವರದಲ್ಲಿ ತಮಾಷೆಯಿರಲಿಲ್ಲ.

ತೋಳಿಗೆ ಪಟ್ಟಿ ಕಟ್ಟಿ ಅವರೇ ನೋಡಿದರು. ಗಾಳಿ ಬಿಟ್ಟು ಮತ್ತೆ ತುಂಬಿ ಮತ್ತೊಮ್ಮೆ ನೋಡಿದರು. ನನಗೆ ಕೊಟ್ಟು, "ನೀನ್ ನೋಡು," ಎಂದರು. ಎಂಬತ್ತರ ಹತ್ತಿರ ಇರಬೇಕಾದ ಕೆಳಗಿನ ಅಂಕಿ ನೂರು ದಾಟಿ ನಿಂತಿತ್ತು. ಅವಳು ನಮ್ಮ ಮುಖದಲ್ಲೇ ಓದಿಕೊಂಡಳು. ಎದುರಿಗಿರುವುದು ನರ್ಸಾದರೆ ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ ನೋಡಿ.

ಆಸ್ಪತ್ರೆಯ ಸಣ್ಣ ಲ್ಯಾಬಿಗೆ ಹೋಗಿ ಅವಳ ಮೂತ್ರವನ್ನು ಟ್ಯೂಬಿನಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಅವಳೂ ದೊಡ್ಡ ಸಿಸ್ಟರೂ ಬಂದು ಹಿಂದೆ ನಿಂತರು. ಮೇಲ್ಭಾಗ ಕಾದಂತೆ ನೀರು ಮೊದಲು ಮಂಜಾಯಿತು, ಆಮೇಲೆ ಮಜ್ಜಿಗೆಯಂತೆ ಬೆಳ್ಳಗಾಯಿತು.

"ಆಸಿಡ್ ಹಾಕೇ," ಎಂದಳು ಅವಸರದಿಂದ. "ಬೇರೆ ಉಪ್ಪಿದ್ರೂ ಬೆಳ್ಳಗಾಗತ್ತೆ. ಆಸಿಡ್ ಹಾಕಿದ್ರೆ ಹೋಗ್ಬಿಡತ್ತೆ. ಹಾಕು."

ಒಂದೊಂದೇ ಹನಿ ಬಿಟ್ಟೆ. ಮೂವರೂ ಆ ಟ್ಯೂಬನ್ನೇ ನೋಡುತ್ತಾ ನಿಂತೆವು. ಬಿಳುಪು ಕರಗಲಿಲ್ಲ. "ಇನ್ನೊಂದು ಹನಿ," ಎಂದಳು. ಹಾಕಿದೆ. ಇನ್ನೂ ಗಟ್ಟಿಯಾಗಿ ತಳಕ್ಕೆ ಕೂತಿತು. ಬಿಪಿ, ಮೈ ಊತ, ಮೂತ್ರದಲ್ಲಿ ಪ್ರೋಟೀನು. ಇದು ಏರಿದರೆ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಆಮೇಲೆ ಫಿಟ್ಸು. ಫಿಟ್ಸು ಬಂದರೆ ತಾಯಿಯೂ ಉಳಿಯದಿರಬಹುದು, ಮಗುವೂ ಉಳಿಯದಿರಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸಾಲುಗಳು ಆ ಕೋಣೆಯಲ್ಲಿ ಮೂವರ ತಲೆಯಲ್ಲೂ ಒಟ್ಟಿಗೆ ಓಡುತ್ತಿದ್ದವು ಎಂದು ನನಗೆ ಗೊತ್ತಿತ್ತು.

"ಡಾಕ್ಟರಮ್ಮಂಗೆ ಹೇಳ್ಬೇಡಿ ಅಕ್ಕಾ," ಎಂದು ಅವಳು ದೊಡ್ಡ ಸಿಸ್ಟರ ಕೈ ಹಿಡಿದಳು. "ರೆಸ್ಟ್ ಅಂತ ಬರೀತಾರೆ. ರೆಸ್ಟ್ ಅಂದ್ರೆ ಊರಿಗ್ ಕಳಿಸ್ತಾರೆ. ಅಲ್ಲಿ ರೆಸ್ಟ್ ಎಲ್ಲಿದೆ ಹೇಳಿ? ನೀರು ಸೇದ್ಬೇಕು, ಕೊಟ್ಟಿಗೆ ಬಳೀಬೇಕು. ನಮ್ಮತ್ತೆ ಹತ್ರ ಬಿಪಿ ಅಂದ್ರೆ ನಗ್ತಾರೆ. ಬಗ್ಗಿ ಎದ್ದು ಕೆಲ್ಸ ಮಾಡಿದ್ರೆ ಸಲೀಸಾಗಿ ಹೆರಿಗೆ ಆಗತ್ತೆ ಅಂತಾರೆ. ಇಲ್ಲಿ ಡ್ಯೂಟಿ ಮಾಡೋದೇ ನಂಗೆ ರೆಸ್ಟು."

ಅವಳ ಮಾತು ಸುಳ್ಳಾಗಿರಲಿಲ್ಲ. ತವರಿದ್ದವರು ತವರಿಗೆ ಹೋಗಿ ಮಲಗುತ್ತಾರೆ. ತಾಯಿಯಿಲ್ಲದವಳು ಎಲ್ಲಿ ಮಲಗಬೇಕು?

ದೊಡ್ಡ ಸಿಸ್ಟರು ದೀಪ ಆರಿಸಿ, "ಇಲ್ಲೇ ಮಲಗ್ತೀಯ. ನಮ್ ರೂಮಲ್ಲೇ. ಅದನ್ನ ನಾನು ನೋಡ್ಕೋತೀನಿ. ಆದ್ರೆ ಹೇಳೋದಂತೂ ಹೇಳೇ ಹೇಳ್ತೀನಿ," ಎಂದು ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದರು.

ಡಾಕ್ಟರಮ್ಮ ಬೈಯಲಿಲ್ಲ. ಅದೇ ನಮ್ಮನ್ನು ಇನ್ನಷ್ಟು ಹೆದರಿಸಿತು. ಮಾತ್ರೆ ಬರೆದರು. ಎಡಮಗ್ಗುಲಿಗೆ ಮಲಗಿರಬೇಕು, ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಏಳಬಾರದು, ಬೆಳಿಗ್ಗೆ ಸಂಜೆ ಬಿಪಿ ನೋಡಬೇಕು ಎಂದರು. "ಮಗು ಇನ್ನೂ ಸ್ವಲ್ಪ ದಿನ ಒಳಗಿದ್ರೆ ಒಳ್ಳೇದು. ಆದ್ರೆ ತಲೆನೋವು, ಕಣ್ಣು ಮಂಜು ಏನಾದ್ರೂ ಬಂತೋ, ಒಂದು ನಿಮಿಷ ಕಾಯ್ಬೇಡಿ, ಚಿಕ್ಕಬಳ್ಳಾಪುರಕ್ಕೆ ಹೊರಡಿ. ಇಲ್ಲಿ ಆಪರೇಷನ್ ಮಾಡೋ ಸೌಕರ್ಯ ಇಲ್ಲ," ಎಂದರು. ಮನೆಯವರಿಗೆ ತಿಳಿಸಲೇಬೇಕು ಎಂದು ಗಂಡನ ಊರಿನ ಅಂಚೆ ಕಚೇರಿಗೆ ಫೋನು ಮಾಡಿಸಿದರು.

ಅಲ್ಲಿಂದ ಶುರುವಾಯಿತು ನನ್ನ ನಿದ್ದೆಗೇಡು. ನರ್ಸನ್ನು ಮಲಗಿಸುವುದು ಹಸುಗೂಸನ್ನು ಮಲಗಿಸುವುದಕ್ಕಿಂತ ಕಷ್ಟ. ವಾರ್ಡಿನಲ್ಲಿ ಯಾರಾದರೂ ನರಳಿದರೆ ಇಲ್ಲಿ ಇವಳು ಎದ್ದು ಕೂರುತ್ತಿದ್ದಳು. "ಆ ಹೆಂಗಸಿಗೆ ನೋವು ಜಾಸ್ತಿ ಆಗಿದೆ, ಹೋಗೇ," ಎಂದು ನನ್ನನ್ನು ಓಡಿಸುತ್ತಿದ್ದಳು. ನಾನು ತಿರುಗಿ ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಹತ್ತಿ ಹರಡಿಕೊಂಡು ಉಂಡೆ ಕಟ್ಟುತ್ತಾ ಇರುತ್ತಿದ್ದಳು. ಬೈದರೆ, "ಕೈ ತಾನೇ ಆಡ್ತಿರೋದು, ಮೈ ಮಲಗೇ ಇದೆ," ಎನ್ನುತ್ತಿದ್ದಳು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಬಿಪಿಯನ್ನು ಯಂತ್ರ ಹೇಳುತ್ತದೆ. ತಲೆನೋವನ್ನೂ ಕಣ್ಣಿನ ಮಂಜನ್ನೂ ಅವಳೇ ಹೇಳಬೇಕು. ಯಾವ ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಪೇಷೆಂಟುಗಳಿಗೆ ಆ ಪ್ರಶ್ನೆಗಳನ್ನು ವರ್ಷಗಟ್ಟಲೆ ಕೇಳಿದವಳು.

"ತಲೆನೋವಿದ್ಯಾ?"

"ಇಲ್ಲ."

"ಕಣ್ಣು?"

"ನಿನ್ನ ಮೂಗಿನ ಮೇಲಿರೋ ಮೊಡವೆನೂ ಕಾಣ್ತಿದೆ."

ನಿಜವೋ, ಬಾಯಿಪಾಠವೋ ಗೊತ್ತಾಗುತ್ತಿರಲಿಲ್ಲ. ಔಷಧಿ ಡಬ್ಬಿ ಕೊಟ್ಟು, "ಇದ್ರ ಮೇಲೆ ಏನ್ ಬರ್ದಿದೆ ಓದು," ಎಂದರೆ ನೋಡದೆಯೇ ಹೇಳುತ್ತಿದ್ದಳು. ಆ ಡಬ್ಬಿಗಳೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಪೇಪರು ಕೊಟ್ಟೆ. ಒಂದು ಸಾಲು ಓದಿ, ಮಡಿಸಿಟ್ಟು, "ನಂಗೇ ಪರೀಕ್ಷೆ ಮಾಡ್ತೀಯೇನೇ?" ಎಂದು ಆ ಕಡೆಗೆ ತಿರುಗಿಕೊಂಡಳು. ಮಗುವನ್ನು ಇನ್ನೊಂದು ದಿನ, ಇನ್ನೊಂದು ದಿನ ಹೊಟ್ಟೆಯಲ್ಲೇ ಉಳಿಸಿಕೊಳ್ಳಬೇಕು ಎಂಬ ಒಂದೇ ಹಟ ಅವಳಿಗೆ. ಅಷ್ಟು ವರ್ಷ ಕಾದಿದ್ದ ಕೂಸು. ಅವಳನ್ನು ಬೈಯಲೂ ಬಾಯಿ ಬರುತ್ತಿರಲಿಲ್ಲ. ವಾರ್ಡಿನಲ್ಲಿ ಪಾತ್ರೆ ಬಿದ್ದ ಸದ್ದಾದರೂ ಫಿಟ್ಸು ಬಂತೇನೋ ಎಂದು ಓಡಿಬಂದು ಅವಳನ್ನು ನೋಡುತ್ತಿದ್ದೆ. ಚಮಚಕ್ಕೆ ಬ್ಯಾಂಡೇಜು ಸುತ್ತಿ ನನ್ನ ಜೇಬಿನಲ್ಲಿಟ್ಟುಕೊಂಡಿದ್ದೆ. ಫಿಟ್ಸು ಬಂದಾಗ ನಾಲಿಗೆ ಕಚ್ಚದಿರಲೆಂದು ಹಲ್ಲಿನ ನಡುವೆ ಇಡುವುದು ಆ ಕಾಲದ ಕ್ರಮ. ಅವಳಿಗೆ ಕಾಣದಂತೆ ಇಟ್ಟುಕೊಂಡಿದ್ದೇನೆಂದು ನಾನಂದುಕೊಂಡಿದ್ದೆ. ಒಂದು ದಿನ, "ಜೇಬಲ್ಲಿರೋ ಚಮಚ ತೊಳ್ದಿದ್ಯಾ ಇಲ್ವಾ?" ಎಂದು ಕೇಳಿದಳು.

ಚಿಕ್ಕಮ್ಮ ಕೆಲಸ ಮುಗಿಸಿ ಬಂದು ಅವಳ ಹಾಸಿಗೆಯ ಬಳಿಯೇ ಕೂರುತ್ತಿದ್ದರು. ಉಪ್ಪು ಹಾಕದ ಗಂಜಿ ಮಾಡಿ ತರುತ್ತಿದ್ದರು. ಅದನ್ನು ಕುಡಿಸುವಷ್ಟರಲ್ಲಿ ಒಂದು ಜಗಳವೇ ಆಗುತ್ತಿತ್ತು.

"ಉಪ್ಪಿಲ್ದಿದ್ರೆ ಹೆಂಗ್ ಕುಡೀಲಿ ಚಿಕ್ಕಮ್ಮಾ?"

"ಕುಡಿ ತಾಯಿ. ಹುಳ ಸೊಪ್ಪು ತಿನ್ನಲ್ವಾ ಉಪ್ಪಿಲ್ದೆ? ರೇಷ್ಮೆ ಉಗುಳಲ್ವಾ?"

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆ ಬಂದಿಳಿದರು. ಎತ್ತರದ, ಗಟ್ಟಿ ಮೈಕಟ್ಟಿನ ಹೆಂಗಸು. ಒಂದು ಕೈಯಲ್ಲಿ ರಾಗಿ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಅವರೆಕಾಯಿ, ಸೊಂಟದಲ್ಲಿ ಎಲೆಅಡಿಕೆ ಸಂಚಿ. ಬಾಗಿಲಲ್ಲೇ ನಿಂತು ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ಮೈ ತುಂಬ್ಕೊಂಡವ್ಳೆ, ಚೆನ್ನಾಗೇ ಅವ್ಳಲ್ಲ! ಕಾಯಿಲೆ ಅಂತ ಫೋನ್ ಮಾಡ್ಸಿದ್ರಿ?" ಎಂದರು.

"ಅದು ತುಂಬ್ಕೊಂಡಿರೋದಲ್ಲಮ್ಮಾ, ನೀರು," ಎಂದರು ದೊಡ್ಡ ಸಿಸ್ಟರು.

"ಬಸುರೀಲಿ ಎಲ್ರಿಗೂ ಬರ್ತದೆ ನೀರು. ಮಲ್ಗಿಸ್ಬಿಟ್ರೆ ಹೆರೋದು ಹೆಂಗೆ? ನಾನು ಹೊಲದಲ್ಲಿ ಕಳೆ ಕೀಳ್ತಾ ಇದ್ದೋಳು ಎದ್ದು ಬಂದು ಇವಳ ಗಂಡನ್ನ ಹೆತ್ತೆ. ನಾಡಿದ್ದು ಕರ್ಕೊಂಡು ಹೋಗ್ತೀನಿ."

"ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗೋ ಸ್ಥಿತಿ ಅಲ್ಲ ಕಣಮ್ಮಾ ಇದು."

"ನೀವು ಮದ್ವೆ ಆಗಿದ್ರೆ ಗೊತ್ತಾಗ್ತಿತ್ತು," ಎಂದುಬಿಟ್ಟರು ಅತ್ತೆ. ದೊಡ್ಡ ಸಿಸ್ಟರ ಮುಖ ಸಣ್ಣಗಾಯಿತು. ಆದರೂ ಎದ್ದು ಹೋಗಿ ಆಕೆಗೆ ಕಾಫಿ ಮಾಡಿಕೊಟ್ಟರು. ಗೆಳತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಬಿಪಿ ಇನ್ನೂ ನೋಡಿರಲಿಲ್ಲ. ಅತ್ತೆ ಅಡಿಗೆಗೆ ಕೂತವರು ಮೊರದಲ್ಲಿ ಅಕ್ಕಿ ಹಾಕಿ ಸೊಸೆಯ ಮುಂದಿಟ್ಟರು. "ಮಲ್ಗಿದ್ ಕಡೆನೇ ಮಾಡೋ ಕೆಲ್ಸ ಇದು. ಇಷ್ಟಾದ್ರೂ ಆರ್ಸಿಕೊಡು." ಸೊಸೈಟಿ ಅಕ್ಕಿ, ಕಪ್ಪು ಕಲ್ಲು ತುಂಬಿದ್ದು. ಅವಳು ಮಗ್ಗುಲಾಗಿ ಮಲಗಿಕೊಂಡೇ ಬೆರಳಾಡಿಸತೊಡಗಿದಳು. ಬೇಡ ಎನ್ನಲು ನಾನು ಬಾಯಿ ತೆರೆದೆ. ಹತ್ತಿ ಉಂಡೆಗಿಂತ ಇದೇನು ಹೆಚ್ಚು, ಅತ್ತೆಯಾದರೂ ಸಮಾಧಾನವಾಗಲಿ ಎಂದು ಸುಮ್ಮನಾದೆ.

ಸ್ವಲ್ಪ ಹೊತ್ತಿಗೆ ಅತ್ತೆಯ ಗದರಿಕೆ ಕೇಳಿಸಿತು.

"ಏನಮ್ಮಾ ಇದು? ಕಲ್ಲೆಲ್ಲ ಹಂಗೇ ಬಿಟ್ಟು ಅಕ್ಕಿ ಆರ್ಸಿ ಎಸೀತಿದ್ದೀಯ! ಗ್ಯಾನ ಎಲ್ಲೈತೆ?"

"ಬೆಳಕು ಸಾಲ್ದು ಅತ್ತೆ."

ನಾನು ತಿರುಗಿ ನೋಡಿದೆ. ಕಿಟಕಿಯಿಂದ ಬಂದ ಎಳೆಬಿಸಿಲು ನೇರ ಮೊರದ ಮೇಲೆಯೇ ಬಿದ್ದಿತ್ತು. ಕಲ್ಲುಗಳು ಮಿರಮಿರ ಮಿನುಗುತ್ತಿದ್ದವು. ನೆಲದ ಮೇಲೆ ಬಿಳಿ ಅಕ್ಕಿ.

ಬಾಚಣಿಗೆ ಕೈಯಿಂದ ಬಿತ್ತು. ಹೋಗಿ ಅವಳ ಮುಖ ಹಿಡಿದು ನನ್ನ ಕಡೆ ತಿರುಗಿಸಿದೆ. "ನನ್ ಬೊಟ್ಟು ಯಾವ ಬಣ್ಣ ಹೇಳು."

ಅವಳು ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, "ಕಾಣಿಸ್ತಿಲ್ಲ ಕಣೇ. ನೆನ್ನೆ ಸಂಜೆಯಿಂದ ತಲೆ ಸೀಳ್ತಾ ಇದೆ. ಇನ್ನೆರಡು ದಿನ ಇರ್ಲಿ ಅಂತ..." ಎಂದಳು.

ನಾನು ಕೂಗಿದ ಕೂಗಿಗೆ ದೊಡ್ಡ ಸಿಸ್ಟರು ವಾರ್ಡಿನಿಂದ ಓಡಿಬಂದರು, ಅವರ ಹಿಂದೆಯೇ ಡಾಕ್ಟರಮ್ಮ. ಬಿಪಿ ಯಂತ್ರದ ಪಾದರಸ ಎಲ್ಲಿಗೆ ಏರಿತ್ತೆಂದು ಈಗ ಬರೆಯಲೂ ಕೈ ಬಾರದು. ಫಿಟ್ಸು ತಡೆಯುವ ಇಂಜೆಕ್ಷನ್ನು ನರಕ್ಕೆ ಕೊಡಬೇಕು, ಸೂಜಿ ಅಲ್ಲೇ ಇಟ್ಟು ಡ್ರಿಪ್ ಹಾಕಿಕೊಂಡೇ ಹೊರಡಬೇಕು ಎಂದರು ಡಾಕ್ಟರಮ್ಮ. ಊದಿದ ಕೈಯಲ್ಲಿ ನರವೇ ಸಿಗದು. ದೊಡ್ಡ ಸಿಸ್ಟರು ತಡಕಿ ತಡಕಿ ಮುಂಗೈಯ ಪಕ್ಕದಲ್ಲಿ ಒಂದನ್ನು ಹುಡುಕಿದರು. ಅದು ಸರಿಯಾಗಿ ಬಳೆಗಳ ಕೆಳಗೆ ಹೋಗಿತ್ತು. ಸೋಪು ಹಚ್ಚಿ ಎಳೆದರು, ಬರಲಿಲ್ಲ.

"ಒಡೀಬೇಡಿ ಅಕ್ಕಾ," ಎಂದಳು ಗೆಳತಿ. ಮಾತು ತೊದಲುತ್ತಿತ್ತು. "ಮಗೂಗೆ ಏನಾದ್ರೂ ಆಗತ್ತೆ. ಒಡೀಬೇಡಿ."

ದೊಡ್ಡ ಸಿಸ್ಟರ ಕೈ ನಿಂತಿತು. ಎಷ್ಟೋ ಹೆಂಗಸರ ಬಳೆ ತೆಗೆಸಿದ ಕೈ ಅದು. ಅವರು ಅತ್ತೆಯ ಮುಖ ನೋಡಿದರು. ನಾವೆಲ್ಲರೂ ನೋಡಿದೆವು.

ಅತ್ತೆ ಅಲ್ಲಿಯವರೆಗೂ ಮೊರ ಹಿಡಿದುಕೊಂಡೇ ನಿಂತಿದ್ದರು. ಅದನ್ನು ಕೆಳಗಿಟ್ಟು, "ಏನಕ್ಕೆ ನಿಂತ್ರಿ?" ಎಂದರು.

"ಬಳೆ..."

"ಸರೀರಿ ಆ ಕಡೆ."

ಸೊಂಟದ ಸಂಚಿಯಿಂದ ಅಡಕತ್ತರಿ ತೆಗೆದರು. ಚೂರು ಚುಚ್ಚದಿರಲೆಂದು ಸೆರಗಿನ ತುದಿಯನ್ನು ಬಳೆಗಳ ಅಡಿಗೆ ತೂರಿಸಿ, ಅಡಿಕೆ ಕತ್ತರಿಸುವಂತೆ ಒಂದೊಂದಾಗಿ ಚಿಟಚಿಟ ಒಡೆದರು. ಸೊಸೆ ಅಳುತ್ತಿದ್ದಳು. ಆಕೆ ತಲೆ ಎತ್ತದೆಯೇ ಹೇಳಿದರು, "ಅಳ್ಬೇಡ. ಹಾಕ್ದೋಳೂ ನಾನೇ, ತೆಗ್ದೋಳೂ ನಾನೇ. ಯಾವ ದೇವ್ರು ಕೇಳಿದ್ರೂ ನನ್ನೇ ಕೇಳ್ಲಿ. ಬಲಗೈಲಿ ಅವೆ, ಸಾಕು."

ನರ ಸಿಕ್ಕಿತು. ಸೂಜಿ ಹೋಯಿತು.

ನನ್ನ ಕೂಗು ಕೇಳಿ ಬಂದಿದ್ದ ಚಿಕ್ಕಮ್ಮ ಅಷ್ಟರಲ್ಲಿ ಫಿಲೇಚರಿಗೆ ಓಡಿ, ಮಾಲೀಕರಾದ ಸಾಹೇಬರ ಕಾರನ್ನೇ ಬಾಗಿಲಿಗೆ ತರಿಸಿದ್ದರು. ಹಿಂದಿನ ಸೀಟಿನಲ್ಲಿ ಎಡಮಗ್ಗುಲಿಗೆ ಅವಳು, ತಲೆ ಅತ್ತೆಯ ತೊಡೆಯ ಮೇಲೆ. ನಾನು ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತು ಒಂದು ಕೈಯಲ್ಲಿ ಡ್ರಿಪ್ ಬಾಟಲು, ಇನ್ನೊಂದರಲ್ಲಿ ಚಮಚ ಹಿಡಿದಿದ್ದೆ. ಡಾಕ್ಟರಮ್ಮ ಮುಂದೆ. ಬಿಸಿಲು ಕಣ್ಣಿಗೆ ಬೀಳಬಾರದೆಂದು ಅತ್ತೆ ಸೆರಗಿನಿಂದ ಅವಳ ಮುಖ ಮುಚ್ಚಿದರು. ಬೆಳಕು, ಸದ್ದು, ಕುಲುಕಾಟ ಯಾವುದರಿಂದಲೂ ಫಿಟ್ಸು ಬರಬಹುದು. ರಸ್ತೆಯ ಒಂದೊಂದು ಗುಂಡಿಯೂ ನನ್ನ ಎದೆಯೊಳಗೇ ಇಳಿದು ಏಳುತ್ತಿತ್ತು. ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಆಗಿನ ಆ ಪುಟ್ಟ ರೈಲು ಎಮ್ಮೆಯಂತೆ ಬರುತ್ತಿತ್ತು. ಡ್ರೈವರು ಹಾರ್ನಿಗೆ ಕೈ ಹಾಕಿದಾಗ ಡಾಕ್ಟರಮ್ಮ ಅವನ ಕೈ ಹಿಡಿದರು. ರೈಲು ದಾಟುವವರೆಗೂ ಎಲ್ಲರೂ ಕಾದು ಕೂತೆವು. ಅತ್ತೆ ಮಾತ್ರ ಸೊಸೆಯ ಕಿವಿಯ ಬಳಿ ಬಗ್ಗಿ, ಊರಿನ ಹಸು ಕರು ಹಾಕಿದ್ದು, ಅವರೆ ಹೂ ಬಿಟ್ಟಿದ್ದು, ಮಗ ಹೊಸ ಕನ್ನಡಕ ಕೊಂಡಿದ್ದು ಎಲ್ಲವನ್ನೂ ಪಿಸುಗುಡುತ್ತಲೇ ಇದ್ದರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅವಳನ್ನು ಸ್ಟ್ರೆಚರಿಗೆ ಎತ್ತಿ ಹಾಕುವಾಗಲೇ ಫಿಟ್ಸು ಬಂತು. ಬೆರಳುಗಳು ಸೆಟೆದು, ಕಣ್ಣು ಮೇಲೆ ಹೋಯಿತು. ಸುತ್ತ ಡಾಕ್ಟರುಗಳಿದ್ದರು, ಆಕ್ಸಿಜನ್ ಇತ್ತು. ಗಾಲಿಗಳ ಸದ್ದು ಕಾರಿಡಾರಿನ ಕೊನೆಗೆ ಹೋಗಿ ಬಾಗಿಲು ಮುಚ್ಚಿತು. ನಾನು ನರ್ಸಿನ ಸಮವಸ್ತ್ರದಲ್ಲಿದ್ದೆ. ಒಳಗೆ ಹೋಗಬಹುದಿತ್ತು. ಅತ್ತೆಯನ್ನು ಒಬ್ಬರೇ ಬಿಟ್ಟು ಹೋಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅತ್ತೆ, ನಾನು. ಆಕೆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು.

"ಈಗ ಬಂತಲ್ಲ, ಅದು ಗಾಳಿ ಅಲ್ವಾ?"

"ಅಲ್ಲಮ್ಮಾ. ಬ್ಲಡ್ ಪ್ರೆಷರ್ರು."

"ನಮ್ ಕಡೆ ಗಾಳಿ ಅಂತೀವಿ." ಸೆರಗು ಹಿಂಡುತ್ತಾ, "ನಾನು ಬಸ್ಸಲ್ಲಿ ಕರ್ಕೊಂಡು ಹೋಗಿದ್ರೆ?" ಎಂದರು.

ನಾನು ಆಕೆಯ ಕೈ ಹಿಡಿದುಕೊಂಡೆ. ಸೆರಗಿನಲ್ಲಿ ಸಿಕ್ಕಿದ್ದ ಗಾಜಿನ ಚೂರೊಂದು ಚುಚ್ಚಿ ಆಕೆಯ ಬೆರಳಿಂದ ರಕ್ತ ಒಸರುತ್ತಿತ್ತು. ಆಕೆಗೆ ಅದು ತಿಳಿದೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಅತ್ತಿತು, ಆದರೆ ಬೆಕ್ಕಿನ ಮರಿಯಂತೆ. ತಾಯಿಗೆ ಮಾತ್ರ ಎಚ್ಚರವಿಲ್ಲ. ಆ ಸಂಜೆ ಗಂಡ ಬಂದ, ದೊಡ್ಡ ಸಿಸ್ಟರು ಬಸ್ಸಿನಲ್ಲಿ ಬಂದರು. ಯಾರೂ ಊಟ ಮಾಡಲಿಲ್ಲ. ಅತ್ತೆ ದೊಡ್ಡ ಸಿಸ್ಟರಿಗೆ ತಾವಾಗಿಯೇ ಜಾಗ ಬಿಟ್ಟು, "ಕೂತ್ಕೊಳ್ಳಮ್ಮಾ, ನಿಂತು ನಿಂತು ಬಂದಿದ್ದೀಯ," ಎಂದರು.

ಮರುದಿನ ನಡುಹಗಲಿಗೆ ನಮ್ಮನ್ನು ಒಳಗೆ ಬಿಟ್ಟರು. ಅವಳು ಕಣ್ಣು ತೆರೆದಿದ್ದಳು. ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿ, ಒಣಗಿದ ತುಟಿಯಲ್ಲಿ, "ಏನೇ, ನಿಂಗೆ ಡ್ಯೂಟಿ ಇಲ್ವಾ?" ಎಂದಳು. ದೊಡ್ಡ ಸಿಸ್ಟರು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರವೇ ಡಾಕ್ಟರಮ್ಮ ಒಂದು ಹೊಸ ಕ್ರಮ ತಂದರು. ಪ್ರತಿ ಸೋಮವಾರ ಡ್ಯೂಟಿ ಶುರುವಾಗುವ ಮುಂಚೆ ನಮ್ಮೆಲ್ಲರ ಬಿಪಿಯನ್ನೂ ಅವರೇ ಕೂತು ನೋಡುತ್ತಿದ್ದರು. ಫಿಲೇಚರಿನ ಹೆಂಗಸರೂ ಬರಬಹುದು ಎಂದರು. ಮೊದಲ ಸೋಮವಾರವೇ ದೊಡ್ಡ ಸಿಸ್ಟರಿಗೆ ಬಿಪಿ ಇದೆಯೆಂದು ಗೊತ್ತಾಯಿತು. ತಾವು ಹಾಕಿದ ಕಟ್ಟುಪಾಡುಗಳಿಗೆ ಒಂದು ಮಾತ್ರೆಯನ್ನೂ ಸೇರಿಸಿಕೊಂಡರು.

ಮಗು ಮೈ ಹಿಡಿಯಲು ತಿಂಗಳುಗಳೇ ಬೇಕಾದವು. ಆಮೇಲೆ ನನ್ನ ಗೆಳತಿ ಶಿಡ್ಲಘಟ್ಟಕ್ಕೆ ಹಿಂದಿರುಗಿ ಡ್ಯೂಟಿಗೆ ಸೇರಿದಳು. ಜೊತೆಗೆ ಅತ್ತೆಯೂ ಬಂದರು. ಹಸುವನ್ನು ಮಗನ ಪಾಲಿಗೆ ಬಿಟ್ಟು, ಚಿಕ್ಕಮ್ಮನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಹಾಲು ಕುಡಿಸುವ ಹೊತ್ತಾದರೆ ಮೊಮ್ಮಗಳನ್ನು ಎತ್ತಿಕೊಂಡು ವಾರ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮಗು ನಡೆಯಲು ಕಲಿತ ವರ್ಷ ಗೆಳತಿಗೆ ಗೌರಿಬಿದನೂರಿನಲ್ಲೇ ಕೆಲಸ ಸಿಕ್ಕಿತು. ಅವಳು, ಅತ್ತೆ, ಮಗು ಮೂವರೂ ಬೆಳಗಿನ ಬಸ್ಸಿಗೆ ಊರಿಗೆ ಹೋದರು.